ವ್ರತ ನನ್ನದು, ಭಾರ ಯಾರದು?

ಗೃಹಸ್ಥನಾದ ಶ್ರಾವಕನು ಒಂದು ನಿಯಮವನ್ನು ಸ್ವೀಕರಿಸಿದ ಮೇಲೆ ಅದನ್ನು ಪಾಲಿಸುವ ಹೊಣೆ ಅವನದೇ. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಾಲನೆಗೆ ಬೇಕಾಗುವ ಶ್ರಮವನ್ನು ಯಾರು ಹೊರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ವಾಣಿಜ್ಯ ಪದವಿ ಪಡೆದು, ನಲವತ್ತು ವರ್ಷ ಜವಳಿ ಅಂಗಡಿಯ ಗಲ್ಲಾದ ಮುಂದೆ ಕುಳಿತು, ಪೈಸೆ ಪೈಸೆಯ ಜಮಾ-ಖರ್ಚು ಬರೆದವನು ನಾನು. ಹಾಗಿದ್ದೂ ರಾತ್ರಿಭೋಜನ ತ್ಯಾಗವೆಂಬ ನನ್ನ ನಿಯಮದ ಖರ್ಚು ಯಾರ ಖಾತೆಗೆ ಬೀಳುತ್ತಿದೆ ಎಂದು ಒಮ್ಮೆಯೂ ಪುಟ ತಿರುವಿ ನೋಡಿರಲಿಲ್ಲ. 2024ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯೆಂದು ನಮ್ಮ ಕುಟುಂಬದವರೆಲ್ಲ ಕೆಮ್ಮಣ್ಣುಗುಂಡಿಯ ಬಳಿ ಕೆಲವು ದಿನ ಒಟ್ಟಿಗಿದ್ದಾಗ ಅದು ತಾನಾಗಿಯೇ ಕಣ್ಣಿಗೆ ಬಿತ್ತು.

ವಾಚಕ ಮಹನೀಯರಲ್ಲಿ ಮೊದಲೇ ಒಂದು ವಿಜ್ಞಾಪನೆ. ವ್ರತಗಳನ್ನು ಕಾಲಕ್ಕೆ ತಕ್ಕಂತೆ ಸಡಿಲಿಸಬೇಕೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಉದ್ದೇಶ ಅದಕ್ಕೆ ತೀರ ವಿರುದ್ಧವಾದುದು ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ಬಾಲ್ಯದಲ್ಲಿ ಬಂಧುಗಳೆಲ್ಲ ಸೇರುತ್ತಿದ್ದುದು ದಸರಾ ರಜೆಯಲ್ಲಿ, ಬೇಸಗೆಯಲ್ಲಿ, ಇಲ್ಲವೇ ಬಸದಿಯ ವಾರ್ಷಿಕ ಪೂಜೆಯ ಸಂದರ್ಭದಲ್ಲಿ. ಈಗ ಮಕ್ಕಳು ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ನೆಲೆಸಿದ್ದಾರೆ. ಒಬ್ಬರ ಮಕ್ಕಳ ಶಾಲೆಗೆ ರಜೆ ಇದ್ದಾಗ ಇನ್ನೊಬ್ಬರ ಮಕ್ಕಳಿಗೆ ಪರೀಕ್ಷೆ. ಎಲ್ಲರಿಗೂ ಒಮ್ಮೆಗೇ ಬಿಡುವು ಸಿಗುವುದು ವರ್ಷದ ಕೊನೆಯ ವಾರದಲ್ಲಿ ಮಾತ್ರ. ಹೀಗೆ ಅನ್ಯಮತೀಯರ ಹಬ್ಬವೊಂದು ನಮ್ಮ ಅವಿಭಕ್ತ ಕುಟುಂಬದ ಚೂರುಗಳನ್ನು ಒಂದು ಸೂರಿನಡಿ ತರುತ್ತಿದೆ. ಇದರಲ್ಲಿ ನಾಚಿಕೊಳ್ಳುವಂಥದು ಏನೂ ಇಲ್ಲ. ಉಪಕಾರ ಯಾವ ದಿಕ್ಕಿನಿಂದ ಬಂದರೂ ಅದನ್ನು ಉಪಕಾರವೆಂದು ಗುರುತಿಸುವವನೇ ಅನೇಕಾಂತವನ್ನು ಅರಿತವನು.

ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮಾರ್ಗವಾಗಿ ಮೇಲೇರಿದರೆ ಸಿಗುವ ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1400 ಮೀಟರಿಗೂ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾಗಿದ್ದ ಕಾರಣ ಅದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಉಂಟು. ಮೂಲ ಹೆಸರು ಮಾತ್ರ ಮಣ್ಣಿನದೇ. ಕೆಂಪು ಮಣ್ಣು, ಅಗೆದ ಗುಂಡಿ. 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಇಳಿದು ಹೋದದ್ದು ಈ ಬೆಟ್ಟದಿಂದ. ಗುಂಡಿ ಬಿದ್ದುದು ಇಲ್ಲಿ, ಕಬ್ಬಿಣ ಸಿಕ್ಕಿದ್ದು ಅಲ್ಲಿ. ಆಗ ಇದನ್ನು ಮೊಮ್ಮಕ್ಕಳಿಗೆ ಸುಮ್ಮನೆ ಊರಿನ ಚರಿತ್ರೆಯೆಂದು ಹೇಳಿದ್ದೆ.

ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಒಂದು ಹೋಮ್‌ಸ್ಟೇ ಗೊತ್ತುಮಾಡಿದ್ದೆವು. ನಾವು ಒಟ್ಟು ಹತ್ತೊಂಬತ್ತು ಜನ. ನಾನು, ಧರ್ಮಪತ್ನಿ, ಎಪ್ಪತ್ತನಾಲ್ಕು ವರ್ಷದ ನನ್ನ ಅಕ್ಕ ಮತ್ತು ನನ್ನ ತಮ್ಮ, ಈ ನಾಲ್ವರು ಸೂರ್ಯಾಸ್ತದ ನಂತರ ಆಹಾರ ಸ್ವೀಕರಿಸುವುದಿಲ್ಲ. ಉಳಿದವರು ಮನೆಯಲ್ಲಿ ಕೆಲವು ದಿನ ಪಾಲಿಸುತ್ತಾರೆ, ಪ್ರಯಾಣದಲ್ಲಿ ಬಿಡುತ್ತಾರೆ. ಕಂದಮೂಲಗಳು, ಈರುಳ್ಳಿ, ಬೆಳ್ಳುಳ್ಳಿ ನಮ್ಮ ಅಡುಗೆಗೆ ಸೇರುವುದಿಲ್ಲವಾದ್ದರಿಂದ ಅಕ್ಕಿ ಬೇಳೆಗಳಿಂದ ಹಿಡಿದು ನೀರು ಶೋಧಿಸುವ ಬಟ್ಟೆಯವರೆಗೆ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದೆವು.

ಹೊರಡುವ ಮುನ್ನ ಅಕ್ಕ ಒಂದು ಪ್ರಶ್ನೆ ಎತ್ತಿದ್ದಳು: “ಸುಮ್ಮನೆ ಬೆಟ್ಟ ಸುತ್ತೋದು ಅನರ್ಥದಂಡ ಅಲ್ಲವೇನೋ?” ಪ್ರಶ್ನೆ ಯೋಗ್ಯವಾದುದೇ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು, ಗುರಿಯಿಲ್ಲದೆ ಅಲೆಯುವುದು, ಇವುಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಬಂಧುಗಳು ಪರಸ್ಪರ ಮುಖ ನೋಡುವುದೇ ನಮ್ಮ ಪ್ರಯೋಜನವೆಂದು ಅಕ್ಕನಿಗೆ ಉತ್ತರ ಹೇಳಿ, ಮಕ್ಕಳಿಗೆ ನಿಯಮಗಳನ್ನೂ ಮಾಡಿದೆವು. ಹೂ ಕೀಳಬಾರದು, ಚಳಿಗೆಂದು ಬೆಂಕಿ ಹಾಕಬಾರದು, ಝರಿಯಲ್ಲಿ ಸಾಬೂನು ಹಚ್ಚಬಾರದು, ಪ್ಲಾಸ್ಟಿಕ್ ಎಸೆಯಬಾರದು. ಪೃಥ್ವೀಕಾಯ, ಜಲಕಾಯ, ವನಸ್ಪತಿಕಾಯ ಜೀವಗಳವರೆಗೂ ನಮ್ಮ ಎಚ್ಚರಿಕೆ ತಲುಪಿತ್ತು.

ಡಿಸೆಂಬರಿನಲ್ಲಿ ಹಗಲು ಚಿಕ್ಕದು. ಕ್ರಿಸ್‌ಮಸ್ ವೇಳೆಗೆ ಈ ಭಾಗದಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿ ಕೆಲವೇ ನಿಮಿಷಗಳಿಗೆ. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷ ಮೊದಲೇ ಊಟ ಮುಗಿಸುವುದು ನಮ್ಮ ಮನೆಯ ರೂಢಿ. ಹಾಗಾಗಿ ಐದೂ ಕಾಲರ ಹೊತ್ತಿಗೆ ಕೈತೊಳೆಯಬೇಕು, ನಾಲ್ಕೂ ಮುಕ್ಕಾಲಕ್ಕೆ ಎಲೆ ಹಾಕಬೇಕು, ಮೂರು ಗಂಟೆಗೆ ಒಲೆ ಹೊತ್ತಬೇಕು. ಬೆಟ್ಟ ನೋಡಲು ಎಲ್ಲರೂ ಹೊರಡುವ ಹೊತ್ತು ಅದೇ.

25ರ ಬೆಳಿಗ್ಗೆ ಹೋಮ್‌ಸ್ಟೇಯ ಮಾಲೀಕರು ಹಬ್ಬದ ಶುಭಾಶಯ ಹೇಳಿ ಒಂದು ತಟ್ಟೆ ಕೇಕು ತಂದಿಟ್ಟರು. ಅದರಲ್ಲಿ ಮೊಟ್ಟೆ ಇತ್ತು. ನಾನು ವಿಷಯ ತಿಳಿಸಿ, ಮನಸ್ಸಿಗೆ ನೋವು ಮಾಡಿಕೊಳ್ಳಬಾರದೆಂದು ಕೇಳಿಕೊಂಡೆ. ಅವರು ತಟ್ಟೆಯನ್ನು ಒಳಗಿಟ್ಟು, ತೋಟದ ಏಲಕ್ಕಿ ಬಾಳೆಯ ಒಂದು ಗೊನೆಯನ್ನೇ ಹೊರಿಸಿಕೊಂಡು ಬಂದರು. ನಮ್ಮ ಪಾತ್ರೆಗಳಿಗೆಂದು ಅಡುಗೆಮನೆಯಲ್ಲಿ ಒಂದು ಕಪಾಟನ್ನೂ ತೆರವು ಮಾಡಿಕೊಟ್ಟಿದ್ದರು. ನಮ್ಮ ನಿಯಮಕ್ಕಾಗಿ ಅಪರಿಚಿತರೊಬ್ಬರು ಇಷ್ಟು ತೊಂದರೆ ತೆಗೆದುಕೊಂಡರಲ್ಲ ಎಂದು ನಾನು ಎರಡು ಬಾರಿ ಕೈಮುಗಿದು ಕೃತಜ್ಞತೆ ಹೇಳಿದೆ.

ಅಂದು ಹನ್ನೊಂದರ ಸುಮಾರಿಗೆ ಬುತ್ತಿ ಕಟ್ಟಿಕೊಂಡು ಮೇಲೆ ಹೋದೆವು. ರಾಜಭವನದ ಮುಂದಿನ ಹೂತೋಟ, ಅದರಾಚೆ ಮಡಿಕೆ ಮಡಿಕೆಯಾಗಿ ಹಬ್ಬಿದ ಬೆಟ್ಟಸಾಲು, ತಣ್ಣನೆಯ ಗಾಳಿ. ಮಕ್ಕಳ ಉತ್ಸಾಹಕ್ಕೆ ಮೇರೆಯಿರಲಿಲ್ಲ. ತೋಟದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದರು. ಕಿರಿಯರು ಸೂರ್ಯಾಸ್ತ ನೋಡಲು ಝಡ್ ಪಾಯಿಂಟ್‌ಗೆ ನಡೆಯುವವರಾದರು. ನಾವು ನಾಲ್ವರು ಕಾರಿನಲ್ಲಿ ಕೆಳಗಿಳಿದು ನಾಲ್ಕೂವರೆಗೆಲ್ಲ ಬಂದು ಮುಟ್ಟಿದೆವು. ಬಿಸಿ ರೊಟ್ಟಿ, ಬಾಳೆಕಾಯಿ ಪಲ್ಯ, ತೊವ್ವೆ, ಅನ್ನ, ಸಾರು ಸಿದ್ಧವಾಗಿದ್ದವು. ಹಸಿವಿತ್ತು, ರುಚಿಯೂ ಇತ್ತು. ಸಾರಿಗೆ ಉಪ್ಪು ಒಂದು ಕಾಳು ಕಡಿಮೆಯಾಯಿತೆಂದು ನಾನು ಹೇಳಿದ್ದು ನೆನಪಿದೆ. ಸಕಾಲಕ್ಕೆ ಕೈತೊಳೆದು, ಪರಸ್ಥಳದಲ್ಲಿಯೂ ನಿಯಮಕ್ಕೆ ಲೋಪ ಬರಲಿಲ್ಲವೆಂಬ ತೃಪ್ತಿಯಿಂದ ಜಗಲಿಯಲ್ಲಿ ಸಾಮಾಯಿಕಕ್ಕೆ ಕುಳಿತೆ.

ಕಿರಿಯರು ಹಿಂತಿರುಗಿದಾಗ ಏಳೂವರೆ. ಅವರಿಗೆ ಮತ್ತೆ ಅಡುಗೆಯಾಯಿತು, ಊಟವಾಯಿತು. ಆಮೇಲೆ ಮೊಮ್ಮಗನೊಬ್ಬ ತನ್ನ ತಂದೆಯ ಮೊಬೈಲ್ ತಂದು ತೋಟದಲ್ಲಿ ತೆಗೆದ ಫೋಟೋ ತೋರಿಸಿದ. ಬಂದ ಸರಕಿನ ಬೇಲುಗಳನ್ನು ಎಣಿಸುವುದು ನನ್ನ ಜೀವಮಾನದ ಅಭ್ಯಾಸ. ಕಣ್ಣು ತನಗೆ ತಾನೇ ಎಣಿಸಿತು. ಚಿತ್ರದಲ್ಲಿ ಹದಿನೇಳು ಜನ. ತೆಗೆದವನು ನನ್ನ ಕಿರಿಯ ಮಗ, ಹದಿನೆಂಟು. ನಾವು ಹತ್ತೊಂಬತ್ತು. ಮತ್ತೊಮ್ಮೆ ಎಣಿಸಿದೆ. ಲೆಕ್ಕ ತಾಳೆಯಾಗಲಿಲ್ಲ.

ಇಲ್ಲದಿದ್ದವಳು ನನ್ನ ತಮ್ಮನ ಸೊಸೆ. ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ನಾವು ಬೆಟ್ಟಕ್ಕೆ ಹೊರಟಾಗ, ಹಿರಿಯರಿಗೆ ಐದು ಗಂಟೆಯೊಳಗೆ ಊಟವಾಗಬೇಕಲ್ಲ ಎಂದು ಯಾರೋ ಅಂದಿದ್ದರು, ಅವಳು ಹಿಂದೆ ಉಳಿದಿದ್ದಳು. ಅವಳಿಗೆ ಉಳಿ ಎಂದವರು ಯಾರು ಎಂದು ವಿಚಾರಿಸಿದರೆ ಯಾರೂ ಇಲ್ಲ. ಬೇಡ ಎಂದವರೂ ಯಾರೂ ಇಲ್ಲ. ಮೂರು ಗಂಟೆಗೆ ನಾಲ್ಕು ಜನಕ್ಕೆ, ಏಳು ಗಂಟೆಗೆ ಹದಿನೈದು ಜನಕ್ಕೆ, ಹೀಗೆ ಎರಡು ಬಾರಿ ಒಲೆಯ ಮುಂದೆ ನಿಂತಿದ್ದಳು. ಮಕ್ಕಳಿಗೆ ರಜೆ ಇದ್ದಂತೆ ಅವಳಿಗೂ ಅದೇ ರಜೆ. ಕೆಮ್ಮಣ್ಣುಗುಂಡಿಗೆ ಬಂದು ಎರಡು ದಿನ ಕಳೆದರೂ ಅವಳು ಇನ್ನೂ ಕೆಮ್ಮಣ್ಣುಗುಂಡಿಯನ್ನು ನೋಡಿರಲಿಲ್ಲ. ಬಾಳೆಗೊನೆ ಕೊಟ್ಟವರಿಗೆ ಎರಡು ಬಾರಿ ಕೈಮುಗಿದ ನಾನು, ಅವಳಿಗೆ ಹೇಳಿದ್ದು ಉಪ್ಪಿನ ಮಾತು.

ರಾತ್ರಿ ಈ ವಿಷಯವನ್ನು ಧರ್ಮಪತ್ನಿಗೆ ಹೇಳಿದೆ. ಅವಳು ತಕ್ಷಣ ಏನೂ ಹೇಳಲಿಲ್ಲ. ಶಾಲು ಹೊದ್ದುಕೊಂಡು, ಬಹಳ ಹೊತ್ತಿನ ಮೇಲೆ, “ನಲವತ್ತು ವರ್ಷ ನಾನೂ ಹೀಗೇ ಹಿಂದೆ ಉಳಿದಿದ್ದೆ. ಆಗ ಫೋಟೋ ತೆಗೆಯೋರು ಇರಲಿಲ್ಲ, ನಿಮಗೆ ಎಣಿಸೋಕೆ ಸಿಗಲಿಲ್ಲ” ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ನಿದ್ರೆ ಬರಲಿಲ್ಲ. ಓದಿದ ಗ್ರಂಥಗಳು ಒಂದೊಂದಾಗಿ ನೆನಪಿಗೆ ಬಂದವು. ಹಿಂಸೆಯನ್ನು ನಮ್ಮ ಆಚಾರ್ಯರು ಸ್ವತಃ ಮಾಡಿದ್ದಕ್ಕೆ ಮಾತ್ರ ಸೀಮಿತಗೊಳಿಸಿಲ್ಲ. ಕೃತ, ಕಾರಿತ, ಅನುಮೋದನ ಎಂದು ಮೂರು ಬಾಗಿಲುಗಳನ್ನು ತೋರಿಸಿದ್ದಾರೆ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಕಂಡು ಸಮ್ಮತಿಸಿದ್ದು. ಯಾರೂ ಹೇಳದೆಯೇ ಸೊಸೆ ಹಿಂದೆ ಉಳಿದಳೆಂದರೆ ಮೊದಲನೆಯ ಬಾಗಿಲು ಮುಚ್ಚಿತು, ಎರಡನೆಯದೂ ಅರ್ಧ ಮುಚ್ಚಿತು ಎನ್ನೋಣ. ಮೂರನೆಯದು ಅಗಲವಾಗಿ ತೆರೆದೇ ಇದೆ. ತಟ್ಟೆಯ ಮುಂದೆ ಕುಳಿತು ಉಂಡೆನಲ್ಲ, ಅದಕ್ಕಿಂತ ದೊಡ್ಡ ಅನುಮೋದನೆ ಯಾವುದು?

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು ಮೊದಲ ಮೂರು. ನಾಲ್ಕನೆಯದು ಅತಿಭಾರಾರೋಪಣ, ಶಕ್ತಿಮೀರಿ ಹೊರಿಸುವುದು. ಐದನೆಯದು ಅನ್ನಪಾನನಿರೋಧ, ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದು. ಪಾಠಶಾಲೆಯಲ್ಲಿ ಇವನ್ನು ವಿವರಿಸುವಾಗ ನಾವು ಎತ್ತಿನ ಉದಾಹರಣೆ ಕೊಡುತ್ತೇವೆ. ಗಾಡಿಗೆ ಹೆಚ್ಚು ಮೂಟೆ ಹೇರಬಾರದು, ಆಳುಗಳನ್ನು ಉಪವಾಸ ಕೆಡವಬಾರದು ಎನ್ನುತ್ತೇವೆ. ನಾನೇ ಎಷ್ಟೋ ಬಾರಿ ಹಾಗೆ ಹೇಳಿದ್ದೇನೆ. ಇವು ಐದೂ ಅತಿಚಾರಗಳು ಬರುವುದು ಕೊನೆಯ ವ್ರತಕ್ಕಲ್ಲ, ಮೊಟ್ಟಮೊದಲನೆಯದಕ್ಕೆ. ಅಂದು ನಾವು ಉಂಡಿದ್ದು ಐದಕ್ಕೆ, ಮಕ್ಕಳು ಉಂಡಿದ್ದು ಎಂಟಕ್ಕೆ. ಎಲ್ಲರಿಗೂ ಬಡಿಸಿ ಅವಳು ಎಲೆಯ ಮುಂದೆ ಕುಳಿತಾಗ ಎಷ್ಟು ಗಂಟೆಯಾಗಿತ್ತೆಂದು ನನಗೆ ಗೊತ್ತೇ ಇಲ್ಲ. ನನ್ನ ರಾತ್ರಿಭೋಜನ ತ್ಯಾಗ ಅವಳ ರಾತ್ರಿಭೋಜನವನ್ನು ಇನ್ನಷ್ಟು ರಾತ್ರಿಗೆ ತಳ್ಳಿತ್ತು.

ಇನ್ನೂ ಒಂದು ಸಂಗತಿ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ನಿಷೇಧಿಸುವಾಗ ಸೂಕ್ಷ್ಮಜೀವಿಗಳ ಘಾತವನ್ನು ಹೇಳುವುದರ ಜೊತೆಗೆ, ಅದರ ಹಿಂದಿರುವ ತೀವ್ರ ರಾಗವನ್ನೂ ಎತ್ತಿ ತೋರಿಸುತ್ತಾರೆ. ಅವರ ದೃಷ್ಟಿಯಲ್ಲಿ ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ. ಈ ಅಳತೆಗೋಲನ್ನು ನನ್ನ ಊಟಕ್ಕೆ ಹಿಡಿದು ನೋಡಿದೆ. ನಿಯಮ ಹೇಳಿದ್ದು ಒಂದೇ ಮಾತು, ಸೂರ್ಯಾಸ್ತದ ಮೇಲೆ ತಿನ್ನಬೇಡ ಎಂದು. ಐದು ಗಂಟೆಗೆ ಬಿಸಿ ರೊಟ್ಟಿ ಬೇಕು, ಪಲ್ಯ ಬೇಕು, ಸಾರಿಗೆ ಉಪ್ಪು ಸಮನಾಗಿರಬೇಕು ಎಂದು ನಿಯಮ ಎಲ್ಲಿಯೂ ಹೇಳಿಲ್ಲ. ಆ ಉಳಿದ ಸಾಲುಗಳನ್ನು ಬರೆದದ್ದು ನನ್ನ ನಾಲಿಗೆ. ರಾಗ ಕಡಿಮೆಯಾಗಿರಲಿಲ್ಲ. ರಾತ್ರಿಯಿಂದ ಸಂಜೆಗೆ ಸರಿದಿತ್ತು, ಅಷ್ಟೇ.

ಮರುದಿನ 26. ಮಾರ್ಗಶಿರ ಬಹುಳ ಏಕಾದಶಿ, ಭಗವಾನ್ ಪಾರ್ಶ್ವನಾಥರ ಜನ್ಮಕಲ್ಯಾಣಕ. ಈ ತಿಥಿ ಆ ವರ್ಷ ಕ್ರಿಸ್‌ಮಸ್ಸಿನ ಮರುದಿನವೇ ಬಂದಿತ್ತು. ಬೆಳಿಗ್ಗೆ ಜಗಲಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಸ್ವಾಮಿಯ ಕಥೆ ಹೇಳಲಾರಂಭಿಸಿದೆ. ಕುಮಾರ ಪಾರ್ಶ್ವನು ಒಬ್ಬ ತಾಪಸನನ್ನು ಕಾಣುತ್ತಾನೆ. ಸುತ್ತ ಬೆಂಕಿ, ಮೇಲೆ ಸುಡುವ ಸೂರ್ಯ, ನಡುವೆ ಪಂಚಾಗ್ನಿ ತಪಸ್ಸು. ಜನ ಭಕ್ತಿಯಿಂದ ಕೈಮುಗಿಯುತ್ತಿದ್ದಾರೆ. ಆದರೆ ಆ ತಪಸ್ಸಿಗೆಂದು ತಂದ ಸೌದೆಯೊಳಗೆ ಒಂದು ಜೋಡಿ ಸರ್ಪಗಳಿವೆಯೆಂದು ಪಾರ್ಶ್ವಕುಮಾರ ಅರಿಯುತ್ತಾನೆ, ಎಚ್ಚರಿಸುತ್ತಾನೆ. ಪ್ರಾಣ ಬಿಡುವ ಆ ಜೋಡಿಯೇ ಮುಂದೆ ಧರಣೇಂದ್ರ, ಪದ್ಮಾವತಿಯರಾಗಿ ಜನಿಸುವುದು. ಹೊಂಬುಜಕ್ಕೆ ಹೋಗಿ ಅಮ್ಮನವರ ದರ್ಶನ ಮಾಡಿದ ಎಲ್ಲ ಮನೆಗಳ ಮಕ್ಕಳೂ ಕೇಳಿರುವ ಕಥೆ ಇದು.

ನೂರಾರು ಬಾರಿ ಹೇಳಿದ್ದ ಕಥೆ ಆ ದಿನ ಮಧ್ಯದಲ್ಲಿ ನಿಂತಿತು. ಆ ತಾಪಸನನ್ನು ನಾನು ಯಾವಾಗಲೂ ಕಪಟಿಯೆಂದು, ಅಜ್ಞಾನಿಯೆಂದು ಚಿತ್ರಿಸಿ ಮಕ್ಕಳನ್ನು ನಗಿಸುತ್ತಿದ್ದೆ. ಅವನ ಕಷ್ಟ ಸುಳ್ಳಾಗಿರಲಿಲ್ಲವಲ್ಲ. ಅವನು ನಿಜವಾಗಿಯೂ ಬೆಂಕಿಯ ಮಧ್ಯೆ ಬೇಯುತ್ತಿದ್ದ. ಅವನ ತಪ್ಪು ಒಂದೇ, ತನ್ನ ತಪಸ್ಸಿನ ಸೌದೆಯೊಳಗೆ ಏನಿದೆಯೆಂದು ಅವನು ನೋಡಲಿಲ್ಲ. ತೋರಿಸಿಕೊಟ್ಟಾಗ ಕೋಪಿಸಿಕೊಂಡ. ನನ್ನ ಸೌದೆಯೊಳಗೆ ನಾನಾದರೂ ಎಂದು ನೋಡಿದ್ದೆ?

ಈ ವಿಚಾರವನ್ನು ಹಿರಿಯರ ಮುಂದಿಟ್ಟಾಗ ಬಂದ ಆಕ್ಷೇಪಣೆಗಳನ್ನು ಮುಚ್ಚಿಡುವುದು ಸರಿಯಲ್ಲ. ಅವು ಅನೇಕ ವಾಚಕರ ಮನಸ್ಸಿನಲ್ಲಿಯೂ ಏಳುವಂಥವು.

ಅಕ್ಕ ಹೇಳಿದ್ದು: ವ್ರತಿಗಳ ಸೇವೆಗೆ ವೈಯಾವೃತ್ಯವೆಂದು ಹೆಸರು, ಅದು ಅಂತರಂಗ ತಪಸ್ಸುಗಳಲ್ಲಿ ಒಂದು, ಸೊಸೆಗೂ ಪುಣ್ಯ ಬರುತ್ತದೆ. ಮಾತು ನಿಜ. ಆದರೆ ತಪಸ್ಸೆಂಬುದು ತಾನಾಗಿ ಕೈಗೊಳ್ಳುವಂಥದು. ಇನ್ನೊಬ್ಬರ ಮೇಲೆ ಹೊರಿಸಿ, ಇದು ನಿನ್ನ ತಪಸ್ಸೆಂದು ಹೇಳಲು ಬರುವುದಿಲ್ಲ. ಸಾಲ ಪಡೆದವನೇ, ಕೊಟ್ಟವನಿಗೆ ಇದರಿಂದ ಪುಣ್ಯ ಬರುತ್ತದೆಂದು ಹೇಳಿ ಬಡ್ಡಿಯನ್ನೂ ಅಸಲನ್ನೂ ತೀರಿಸಿಬಿಟ್ಟೆನೆಂದರೆ ಯಾವ ಅಂಗಡಿಯವನು ಒಪ್ಪುತ್ತಾನೆ? ಸೇವೆಯ ಪುಣ್ಯ ಸೇವೆ ಮಾಡಿದವರ ಲೆಕ್ಕ. ಅದನ್ನು ತೋರಿಸಿ ಸೇವೆ ಪಡೆದವನು ತನ್ನ ಋಣವನ್ನು ಹೊಡೆದುಹಾಕುವಂತಿಲ್ಲ.

ತಮ್ಮ ಹೇಳಿದ್ದು: ಇಂಥ ಸೂಕ್ಷ್ಮಗಳನ್ನು ನೋಡುತ್ತ ಹೋದರೆ ಯಾವ ವ್ರತವೂ ಉಳಿಯುವುದಿಲ್ಲ, ರಜೆ ಪ್ರವಾಸಗಳಲ್ಲೇ ನಿಯಮಗಳು ಮುರಿದುಬೀಳುವುದು, ಅಲ್ಲಿಯೇ ಬಿಗಿಯಾಗಿರಬೇಕು. ಇದನ್ನೂ ಒಪ್ಪುತ್ತೇನೆ. ಆದರೆ ಬಿಗಿ ಎಲ್ಲಿ ಬೀಳಬೇಕು ಎಂಬುದಷ್ಟೇ ಪ್ರಶ್ನೆ. ವ್ರತದ ಬಿಗಿ ವ್ರತಿಯ ಮೇಲೆ ಬೀಳಬೇಕು. ಬಿಸಿ ಊಟವನ್ನು ಬಿಟ್ಟು ಮಧ್ಯಾಹ್ನದ ರೊಟ್ಟಿ, ಹಣ್ಣು, ಹಾಲು, ನೆನೆಸಿದ ಅವಲಕ್ಕಿಗಳಲ್ಲಿ ಸಂಜೆಯನ್ನು ಮುಗಿಸಿದರೆ ನಿಯಮ ಸಡಿಲವಾಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಕಷ್ಟವೆನಿಸಿದರೆ ಅದು ನನಗೆ ಕಷ್ಟವೆನಿಸುತ್ತದೆ. ಅದೇ ನ್ಯಾಯ.

ಮೂರನೆಯ ಆಕ್ಷೇಪಣೆ ನನ್ನೊಳಗಿನಿಂದಲೇ ಬಂದದ್ದು. ಕಿರಿಯರೂ ಸಂಜೆಯೇ ಉಂಡಿದ್ದರೆ ಎರಡು ಬಾರಿ ಅಡುಗೆ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ, ತಪ್ಪು ಅವರದೇ ಅಲ್ಲವೇ? ಹೌದು, ಅವರೂ ನಿಯಮ ಹಿಡಿದರೆ ನನಗೆ ಸಂತೋಷವೇ. ಆದರೆ ಅವರು ಕಂಡಿರುವುದೇನು? ಅಜ್ಜ ವ್ರತ ಹಿಡಿದರೆ ಅಜ್ಜಿ ಅಡುಗೆಮನೆಯಿಂದ ಹೊರಬರುವುದಿಲ್ಲ, ಮಾವ ವ್ರತ ಹಿಡಿದರೆ ಸೊಸೆ ಫೋಟೋದಲ್ಲಿರುವುದಿಲ್ಲ. ಇಂಥದನ್ನು ನೋಡುತ್ತ ಬೆಳೆದ ಮಗಳು ಮುಂದೆ ತನ್ನ ಮನೆಯಲ್ಲಿ ವ್ರತವನ್ನು ಬರಮಾಡಿಕೊಳ್ಳುತ್ತಾಳೆಯೇ? ಧರ್ಮ ಮುಂದಿನ ಪೀಳಿಗೆಗೆ ಇಳಿಯುತ್ತಿಲ್ಲವೆಂದು ಸಭೆಗಳಲ್ಲಿ ವ್ಯಸನಪಡುವ ನಾವು, ಅದು ಇಳಿಯಬೇಕಾದ ಮೆಟ್ಟಿಲಿನ ಮೇಲೆ ನಾವೇ ಕುಳಿತಿದ್ದೇವೆಯೇ ಎಂದೂ ನೋಡಿಕೊಳ್ಳಬೇಕು.

ಅಂದು ನನಗೆ ತೋಚಿದ ಮೊದಲ ಪರಿಹಾರ, ಕಲ್ಯಾಣಕದ ನಿಮಿತ್ತ ನಾವು ನಾಲ್ವರೂ ಏಕಭುಕ್ತ ಮಾಡುತ್ತೇವೆಂದು ಎಲ್ಲರ ಮುಂದೆ ಸಾರುವುದು. ಸಾರಿದೆ ಕೂಡ. ಆಮೇಲೆ ಸೊಸೆಯನ್ನು ಕರೆದು, “ನಿನಗೆ ಬಹಳ ತೊಂದರೆ ಕೊಟ್ಟೆವಮ್ಮ, ಇನ್ನು ಸಂಜೆಯ ಅಡುಗೆ ಬೇಡ” ಎಂದೆ. ಅವಳು ಸ್ವಲ್ಪ ಹಿಂಜರಿದು, “ದೊಡ್ಡ ಮಾವ, ಅಡುಗೆ ಮಾಡೋದಕ್ಕೆ ನನಗೆ ಬೇಸರ ಇಲ್ಲ. ಯಾರಾದರೂ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು” ಎಂದಳು. ಆಗ ತಿಳಿಯಿತು, ನನ್ನ ಘೋಷಣೆಯಲ್ಲಿಯೂ ನಾನೇ ತುಂಬಿದ್ದೆ. ನನ್ನ ತಪ್ಪು, ನನ್ನ ಪಶ್ಚಾತ್ತಾಪ, ನನ್ನ ಉಪವಾಸ. ಈ ಸಲವೂ ಅವಳನ್ನು ಕೇಳದೆಯೇ ಅವಳ ವಿಷಯವನ್ನು ತೀರ್ಮಾನಿಸಿದ್ದೆ. ಹಾಗಾಗಿ ಕೇಳಿದೆ: “ಇವತ್ತು ನಿನಗೆ ಏನು ಮಾಡಬೇಕು ಅನ್ನಿಸುತ್ತೆ?” ಬೆಟ್ಟ ನೋಡಬೇಕೆಂದಳು. ಮಧ್ಯಾಹ್ನದ ಅಡುಗೆಯನ್ನು ತಾನೇ ಮಾಡುತ್ತೇನೆ, ಆದರೆ ಕೈಗೂಡಿಸಲು ಜನ ಬೇಕೆಂದಳು.

ಆ ದಿನ ನಾನು ಸೌತೆಕಾಯಿ ಹೆಚ್ಚಿದೆ. ತಮ್ಮ ಕಾಯಿ ತುರಿದ. ಮಕ್ಕಳು ಬಡಿಸಿದರು. ಹತ್ತೊಂಬತ್ತು ಎಲೆಗಳು ಒಂದೇ ಪಂಕ್ತಿಯಲ್ಲಿ ಬಿದ್ದವು. ನಾಲ್ಕು ಗಂಟೆಗೆ ಅಕ್ಕನಿಗೆ ಮಾತ್ರ ಹಾಲು, ಬಾಳೆಹಣ್ಣು ಕೊಟ್ಟೆವು, ಆ ವಯಸ್ಸಿಗೆ ಏಕಭುಕ್ತ ಸಲ್ಲದೆಂದು ಅವಳನ್ನು ಒಪ್ಪಿಸಿದ್ದೆವು. ಸೊಸೆ ಉಳಿದವರೊಡನೆ ಝಡ್ ಪಾಯಿಂಟ್‌ಗೆ ನಡೆದಳು. ಕಾಲು ನೋವಿನ ನಾನು ಇಬ್ಬರು ಚಿಕ್ಕ ಮಕ್ಕಳೊಡನೆ ತೋಟದಲ್ಲಿ ಕುಳಿತೆ. ಹಸಿವಾಯಿತು. ಹಲವು ವರ್ಷಗಳ ನಂತರ ನನ್ನ ನಿಯಮದ ಭಾರ ನನಗೇ ತಿಳಿಯಿತು. ರಾತ್ರಿ ಹುಡುಗರು ಸಿದ್ಧಮಾಡಿದ ಉಪ್ಪಿಟ್ಟನ್ನು ಉಳಿದವರು ಉಂಡರು.

ಧರ್ಮಬಂಧುಗಳೇ, ಒಂದು ಕುಟುಂಬದ ಮೂರು ದಿನಗಳ ಸಂಗತಿಯನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. ನಮ್ಮ ಸಂಸ್ಥೆಗಳಲ್ಲಿಯೂ ಇದೇ ನಡೆಯುತ್ತದೆ. ಬಸದಿಯ ಟ್ರಸ್ಟುಗಳು ವಿಧಾನ, ಆರಾಧನೆ, ತೀರ್ಥಯಾತ್ರೆಗಳನ್ನು ಏರ್ಪಡಿಸುವಾಗ ಸೂರ್ಯಾಸ್ತದೊಳಗೆ ಭೋಜನವೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಯಾತ್ರೆಯ ಬಸ್ಸು ನಿಂತೊಡನೆ ಗಂಡಸರು ದರ್ಶನಕ್ಕೆ ನಡೆಯುತ್ತಾರೆ, ಹೆಂಗಸರಲ್ಲಿ ಕೆಲವರು ಪಾತ್ರೆ ಇಳಿಸಿ ಒಲೆ ಹೊತ್ತಿಸುತ್ತಾರೆ. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಸೂರ್ಯಾಸ್ತದೊಳಗೆ ಉಂಡರೇ ಎಂದು ಯಾರು ವಿಚಾರಿಸುತ್ತಾರೆ? ಹಗಲಿನ ಭೋಜನ ನಾಲ್ಕು ನೂರು ಜನಕ್ಕೆ ಧರ್ಮವಾಗಿ, ಅದನ್ನು ಸಿದ್ಧಪಡಿಸಿದ ಹನ್ನೆರಡು ಜನಕ್ಕೆ ಮಾತ್ರ ರಾತ್ರಿಯ ಊಟವಾಗಿ ಮುಗಿದರೆ, ಆ ಹನ್ನೆರಡು ಜನರ ಲೆಕ್ಕ ಕಾರ್ಯಕ್ರಮದ ಪುಸ್ತಕದಲ್ಲಿ ಎಲ್ಲಿಯಾದರೂ ಬರಬೇಕು.

ಆದ್ದರಿಂದ ಕುಟುಂಬಗಳಿಗೂ ಟ್ರಸ್ಟುಗಳಿಗೂ ಮೂರು ಸಣ್ಣ ಸೂಚನೆಗಳು. ಒಂದು, ನಿಯಮ ಹಿಡಿದವರು ಅದಕ್ಕೆ ಬೇಕಾದ ಕೆಲಸದಲ್ಲಿ ಒಂದು ಪಾಲನ್ನು ತಮ್ಮ ಕೈಯಿಂದಲೇ ಮಾಡಬೇಕು. ಶರೀರ ಶಕ್ತವಾಗಿಲ್ಲದಿದ್ದರೆ ಊಟವನ್ನು ಸರಳಗೊಳಿಸಬೇಕು. ಎರಡು, ಯಾತ್ರೆಗಳಲ್ಲಿ ಅಡುಗೆಯವರು ಮೊದಲ ಪಂಕ್ತಿಯಲ್ಲಿ ಉಣ್ಣಲಿ, ಬಡಿಸುವ ಸರದಿ ಗಂಡಸರಿಗೂ ಬರಲಿ. ಮೂರು, ಯಾರಾದರೂ ಹಿಂದೆ ಉಳಿಯಬೇಕಾದರೆ ಅವರನ್ನು ಬಾಯಿಬಿಟ್ಟು ಕೇಳೋಣ. ಕೇಳಿದಾಗ ಇಲ್ಲವೆನ್ನುವ ಸ್ವಾತಂತ್ರ್ಯವೂ ಅವರಿಗಿರಲಿ. ಆ ಸ್ವಾತಂತ್ರ್ಯವಿಲ್ಲದ ಕಡೆ ಹೌದೆಂಬ ಉತ್ತರಕ್ಕೆ ಬೆಲೆ ಕಟ್ಟಲಾಗದು.

ಬೆಟ್ಟದಿಂದ ಇಳಿಯುವಾಗ ದಾರಿಬದಿಯ ಕೆಂಪು ಮಣ್ಣನ್ನು ನೋಡಿ ಮೊಮ್ಮಗ, ಇಲ್ಲಿ ಅಗೆದದ್ದನ್ನೆಲ್ಲ ಭದ್ರಾವತಿಯವರು ತೆಗೆದುಕೊಂಡರಾ ಎಂದು ಮತ್ತೆ ಕೇಳಿದ. ಹೌದೆಂದೆ. ಈ ಸಲ ಅದು ಊರಿನ ಚರಿತ್ರೆ ಮಾತ್ರವಾಗಿ ಕೇಳಿಸಲಿಲ್ಲ.

ಈಗ ಮನೆಯಲ್ಲಿ ಮುಂದಿನ ಕ್ರಿಸ್‌ಮಸ್ ರಜೆಯ ಮಾತು ಆರಂಭವಾಗಿದೆ. ಸ್ಥಳ ಇನ್ನೂ ನಿಶ್ಚಯವಾಗಿಲ್ಲ. ಅಡುಗೆಯ ಸರದಿಯ ಪಟ್ಟಿಯನ್ನು ಮಾತ್ರ ನನ್ನ ಸೊಸೆಯಂದಿರು ಬರೆದು ಗೋಡೆಗೆ ಅಂಟಿಸಿದ್ದಾರೆ. ಮೊದಲ ಸಂಜೆಯ ಸರದಿ ನನ್ನದು. ಅವಲಕ್ಕಿ ಎಷ್ಟು ಹೊತ್ತು ನೆನೆಯಬೇಕೆಂದು ಧರ್ಮಪತ್ನಿಯನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ.